ಅಳತೆಯ ಸ್ವರ, ಜವಾರಿಯ ಸ್ವರ: ಸಾಂಗ್ಲಿಯ ಶ್ರುತಿ ಹಾರ್ಮೋನಿಯಂ ಮತ್ತು ಮಿರಜಿನ ತಂಬೂರಿ

(ವಾದ್ಯ ಮತ್ತು ವಿಮರ್ಶೆ ಕುರಿತ ನಮ್ಮ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ ಇದು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಚರ್ಚೆಯ ಮುಖ್ಯ ಭಾಗ ಕೊನೆಯಲ್ಲಿದೆ.)

ನನ್ನ ದನಿ ಕೇಳ್ತಾ ಇದೆ ಅಂದುಕೊಳ್ತೀನಿ. ಐದು ನಿಮಿಷದ ಹಿಂದೆ, ಎಲ್ಲರೂ ಸೇರೋದಕ್ಕೆ ಮೊದಲು, ನಾನೊಂದು ಪ್ರಯೋಗ ಮಾಡಿದೆ. ಪಕ್ಕದಲ್ಲಿರುವ ತಂಬೂರಿಯನ್ನು ಮೈಕಿನ ಹತ್ತಿರ ಹಿಡಿದು ಮೀಟಿದೆ. ಆಗಲೇ ಬಂದಿದ್ದ ಗೆಳತಿಯೊಬ್ಬಳನ್ನು ಕೇಳಿದರೆ, 'ಮೊದಲ ಪೆಟ್ಟು ಕೇಳಿಸ್ತು, ಆಮೇಲೆ ಏನೂ ಇಲ್ಲ' ಅಂದಳು. ಕಾರಣ ಸರಳ. ನಾವು ಬಳಸುವ ಈ ತಂತ್ರಾಂಶ ಮನುಷ್ಯರ ಮಾತನ್ನು ಉಳಿಸಿಕೊಂಡು, ಒಂದೇ ಸಮನೆ ಕೇಳುವ ಸದ್ದನ್ನೆಲ್ಲ ಹಿನ್ನೆಲೆಯ ಗದ್ದಲ ಎಂದು ಅಳಿಸಿಹಾಕುತ್ತದೆ. ಫ್ಯಾನಿನ ಸದ್ದಿಗೂ ತಂಬೂರಿಯ ನಾದಕ್ಕೂ ಅದರ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ನನ್ನ ಇವತ್ತಿನ ಮಾತು ಇದೇ ಬಗೆಯ ಒಂದು ಅಳಿಸುವಿಕೆಯ ಬಗ್ಗೆ. ಅದನ್ನು ಮಾಡಿದವರಲ್ಲಿ ನಾನೂ ಒಬ್ಬಳು.

1. ಕ್ಲಾವಿಕಾರ್ಡಿನಿಂದ ಶುರು ಮಾಡುವ ಕಾರಣ

ಹೋದ ಸಲದ ಗೋಷ್ಠಿಯಲ್ಲಿ ನಾವು ಯುರೋಪಿನ ಹಳೆಯ ವಾದ್ಯಗಳ ಪುನರುಜ್ಜೀವನದ ಬಗ್ಗೆ ಮಾತಾಡಿದ್ದೆವು. ಕ್ಲಾವಿಕಾರ್ಡ್ ಅನ್ನೋದು ಮೇಜಿನ ಮೇಲಿಡಬಹುದಾದ, ಆಯತಾಕಾರದ ಮರದ ಪೆಟ್ಟಿಗೆ. ತಂತಿಗಳು ಅಡ್ಡಲಾಗಿ ಹಾಯ್ದಿರುತ್ತವೆ. ಕೀಲಿಯ ಈ ತುದಿಯನ್ನು ಒತ್ತಿದರೆ ಆ ತುದಿಯಲ್ಲಿ ನಿಲ್ಲಿಸಿದ ಹಿತ್ತಾಳೆಯ ಸಣ್ಣ ಪಟ್ಟಿ ಮೇಲೆದ್ದು ತಂತಿಗೆ ತಾಗುತ್ತದೆ, ತಾಗಿ ಅಲ್ಲೇ ನಿಲ್ಲುತ್ತದೆ. ಪಿಯಾನೋದ ಸುತ್ತಿಗೆ ಹೊಡೆದು ಹಿಂದೆ ಬೀಳುತ್ತದೆ. ಇಲ್ಲಿ ಹಾಗಿಲ್ಲ. ಬೆರಳು ಕೀಲಿಯ ಮೇಲಿರುವಷ್ಟು ಹೊತ್ತೂ ಪಟ್ಟಿ ತಂತಿಯ ಮೇಲಿರುತ್ತದೆ. ಆದ್ದರಿಂದ ಬೆರಳನ್ನು ತುಸು ಒತ್ತಿ ಸಡಿಲಿಸಿದರೆ ಸ್ವರ ಅಲುಗುತ್ತದೆ. ಕೀಲಿಮಣೆಯ ವಾದ್ಯಗಳಲ್ಲಿ ಹೀಗೆ ಸ್ವರವನ್ನು ಬೆರಳಿನಿಂದ ನಡುಗಿಸಬಹುದಾದದ್ದು ತೀರಾ ಅಪರೂಪ. ಆದರೆ ದನಿ ತುಂಬ ಮೆಲು. ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ಕೇಳುವುದಿಲ್ಲ. ಸಾರ್ವಜನಿಕ ಕಛೇರಿಗಳ ಕಾಲ ಬಂದಾಗ, ಪಿಯಾನೋದ ಎದುರು, ಅದು ಮೂಲೆಗೆ ಸರಿಯಿತು.

ಅದನ್ನು ಮತ್ತೆ ಕಟ್ಟಿದವರಲ್ಲಿ ಮೊದಲ ಹೆಸರು ಅರ್ನಾಲ್ಡ್ ಡಾಲ್ಮೆಚ್ (1858–1940). ಲಂಡನ್ನಿನಲ್ಲಿ 1894ರಲ್ಲಿ ಮೊದಲ ಕ್ಲಾವಿಕಾರ್ಡ್ ಕಟ್ಟಿದರು. 1905ರಿಂದ 1911ರವರೆಗೆ ಬಾಸ್ಟನ್ನಿನ ಚಿಕರಿಂಗ್ ಕಂಪನಿಯಲ್ಲಿ, ಆಮೇಲೆ ಪ್ಯಾರಿಸ್ಸಿನ ಗಾವೋ ಕಂಪನಿಯಲ್ಲಿ ಕಟ್ಟಿದರು, ಕೊನೆಗೆ ಇಂಗ್ಲೆಂಡಿನ ಹ್ಯಾಸಲ್‌ಮಿಯರ್ ಊರಿನಲ್ಲಿ ನೆಲೆ ನಿಂತರು. ಅವರ ನಂತರ ಬಾತ್ ಊರಿನ ಛಾಯಾಗ್ರಾಹಕ ಹರ್ಬರ್ಟ್ ಲ್ಯಾಂಬರ್ಟ್ ಕೂಡ ಈ ವಾದ್ಯ ಕಟ್ಟುವ ಕೆಲಸಕ್ಕಿಳಿದರು. 1920ರ ದಶಕದಲ್ಲಿ ಹರ್ಬರ್ಟ್ ಹೋವೆಲ್ಸ್ ಎಂಬ ಸಂಗೀತ ರಚನೆಕಾರರು ತಮ್ಮ ಕಿರುರಚನೆಗಳ ಗುಚ್ಛಕ್ಕೆ 'ಲ್ಯಾಂಬರ್ಟನ ಕ್ಲಾವಿಕಾರ್ಡ್' ಅಂತಲೇ ಹೆಸರಿಟ್ಟರು.

ಇದನ್ನು ಓದುವಾಗ ನನಗೆ ಹೊಳೆದದ್ದು ಎರಡು ಸಂಗತಿ. ಒಂದು: ಪುನರುಜ್ಜೀವನದ ವಾದ್ಯದ ರಚನೆ ಅಂದರೆ ಅದೊಂದು ವಾದ. ಪಟ್ಟಿಯನ್ನು ಎಲ್ಲಿ ನಿಲ್ಲಿಸಬೇಕು, ಹಲಗೆ ಎಷ್ಟು ತೆಳುವಾಗಿರಬೇಕು ಅನ್ನೋ ಪ್ರತಿ ತೀರ್ಮಾನವೂ 'ಸ್ವರ ಅಂದರೇನು' ಎಂಬ ಪ್ರಶ್ನೆಗೆ ಕೊಟ್ಟ ಉತ್ತರ. ಎರಡು: ಅಲ್ಲಿ ಕಟ್ಟಿದವನ ಹೆಸರು ಉಳಿದಿದೆ, ಕೃತಿಯ ಶೀರ್ಷಿಕೆಯ ತನಕ ಏರಿದೆ. ನಮ್ಮಲ್ಲಿ? ಈ ಪ್ರಶ್ನೆ ನನ್ನನ್ನು ನಮ್ಮ ಊರ ಕಡೆಗೇ ಕರೆದುಕೊಂಡು ಹೋಯಿತು. ನಾನು ಜತ್ ತಾಲೂಕಿನ ಹಳ್ಳಿಯವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಜಿಲ್ಲಾ ಕೇಂದ್ರ ಸಾಂಗ್ಲಿ. ಆ ಸಾಂಗ್ಲಿಯಲ್ಲಿ, ಡಾಲ್ಮೆಚ್ ಬಾಸ್ಟನ್ನಿನಲ್ಲಿದ್ದ ಕಾಲಕ್ಕೇ, ಒಂದು ಪುನರುಜ್ಜೀವನದ ವಾದ್ಯ ಹುಟ್ಟಿಕೊಂಡಿತ್ತು.

2. ಸಾಂಗ್ಲಿ, 1910: ಶ್ರುತಿಯನ್ನು ಅಳೆದವರು

ಕೃಷ್ಣಾಜಿ ಬಲ್ಲಾಳ ದೇವಲ್ ಸರ್ಕಾರಿ ಅಧಿಕಾರಿಯಾಗಿದ್ದು ನಿವೃತ್ತರಾದವರು. 1910ರಲ್ಲಿ ಹಿಂದೂ ಸಂಗೀತದ ಸ್ವರಸಪ್ತಕ ಮತ್ತು 22 ಶ್ರುತಿಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಭರತನ ನಾಟ್ಯಶಾಸ್ತ್ರ ಸಪ್ತಕದಲ್ಲಿ 22 ಶ್ರುತಿಗಳನ್ನು ಹೇಳುತ್ತದೆ, ಸ್ವರಗಳ ನಡುವೆ ಅವುಗಳನ್ನು ನಾಲ್ಕು, ಮೂರು, ಎರಡು ಎಂದು ಹಂಚುತ್ತದೆ. ಎರಡು ವೀಣೆಗಳನ್ನಿಟ್ಟುಕೊಂಡು, ಒಂದನ್ನು ಹಾಗೇ ಬಿಟ್ಟು ಇನ್ನೊಂದನ್ನು ಹಂತ ಹಂತವಾಗಿ ಇಳಿಸುತ್ತ ಹೋಗುವ ಪ್ರಯೋಗವನ್ನೂ ವಿವರಿಸುತ್ತದೆ. ಆದರೆ ತಂತಿಯ ಉದ್ದದ ಪ್ರಮಾಣವನ್ನು ಅಂಕೆಯಲ್ಲಿ ಹೇಳುವುದಿಲ್ಲ. ದೇವಲರ ಹಂಬಲ ಆ ಅಂಕೆಯನ್ನು ಕಂಡುಹಿಡಿಯುವುದು.

ಅದಕ್ಕೆ ಅವರಿಗೆ ಸಿಕ್ಕ ಕಂಠ ಸಾಮಾನ್ಯರದ್ದಲ್ಲ, ಉಸ್ತಾದ್ ಅಬ್ದುಲ್ ಕರೀಂ ಖಾನರದ್ದು. 1872ರಲ್ಲಿ ಕೈರಾನಾದಲ್ಲಿ ಹುಟ್ಟಿ, ಮಿರಜಿನಲ್ಲಿ ನೆಲೆಸಿ, 1937ರಲ್ಲಿ ತೀರಿಕೊಂಡ ಮೇಲೆ ಅಲ್ಲಿನ ಮೀರಾಸಾಹೇಬರ ದರ್ಗಾದ ಆವರಣದಲ್ಲೇ ಮಣ್ಣಾದವರು. ಕುಂದಗೋಳದ ಸವಾಯಿ ಗಂಧರ್ವರ ಗುರು. ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಗುರುವಿನ ಗುರು. ಅವರು ಹಾಡುವುದು, ದೇವಲರು ಸ್ವರಗಳನ್ನು ತಂತಿಯ ಉದ್ದಕ್ಕೆ ಹೊಂದಿಸಿ ಅಳೆಯುವುದು. ಸಿವಿಲ್ ಸರ್ವಿಸಿನ ಇಂಗ್ಲಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್ ಈ ಕೆಲಸಕ್ಕೆ ಜೊತೆಯಾದರು, 1913ರಲ್ಲಿ ಭಾರತೀಯ ಸಂಗೀತದ ಬಗ್ಗೆ ತಮ್ಮದೇ ಪುಸ್ತಕ ಪ್ರಕಟಿಸಿದರು. ಈ ಅಳತೆಗಳಿಗೆ ತಕ್ಕಂತೆ ಒಂದು ಹಾರ್ಮೋನಿಯಂ ಕೂಡ ತಯಾರಾಯಿತು. ಲಂಡನ್ನಿನ ಮೂರ್ ಅಂಡ್ ಮೂರ್ ಕಂಪನಿಯ ಎಚ್. ಕೀಟ್ಲಿ ಮೂರ್ ಅದನ್ನು ರೂಪಿಸಿದರು. ಸಾಮಾನ್ಯ ಹಾರ್ಮೋನಿಯಂ ಸಪ್ತಕಕ್ಕೆ 12 ಸ್ವರ ಕೊಟ್ಟರೆ ಇದು ಅದಕ್ಕಿಂತ ಹೆಚ್ಚು ಕೊಡುತ್ತಿತ್ತು, ಯಾಕಂದರೆ ಒಂದೊಂದು ಸ್ವರಕ್ಕೂ ಬೇರೆ ಬೇರೆ ಶ್ರುತಿಯ ರೂಪಗಳು ಬೇಕಿದ್ದವು.

ಸಮಸ್ಯೆ ಏನು ಅಂತ ತಿಳಿಯೋದಕ್ಕೆ ಒಂದೇ ಸ್ವರ ಸಾಕು: ಶುದ್ಧ ಗಾಂಧಾರ. ಸಪ್ತಕವನ್ನು 1200 ಸಮಪಾಲು ಮಾಡಿ ಒಂದೊಂದು ಪಾಲನ್ನೂ ಸೆಂಟ್ ಎಂದು ಕರೆಯುವ ಪದ್ಧತಿಯಿದೆ. ಮಾಮೂಲಿ ಹಾರ್ಮೋನಿಯಂನಲ್ಲಿ ಗಾಂಧಾರ ಷಡ್ಜದಿಂದ ಸರಿಯಾಗಿ 400 ಸೆಂಟ್ ದೂರ. ಷಡ್ಜದೊಂದಿಗೆ ಪೂರ್ತಿ ಬೆರೆಯುವ ಗಾಂಧಾರದ ಪ್ರಮಾಣ 5:4, ಅಂದರೆ ಸುಮಾರು 386 ಸೆಂಟ್. ಹದಿನಾಲ್ಕು ಸೆಂಟಿನ ಈ ಅಂತರ ಕಿವಿಗೆ ಗೊತ್ತಾಗುತ್ತದೆ. ಹಾರ್ಮೋನಿಯಂ ಜೊತೆ ಹಾಡಿ ಅಭ್ಯಾಸವಾದ ಹುಡುಗರ ಗಾಂಧಾರ ಯಾಕೆ ಚೂಪು ಅನ್ನಿಸುತ್ತದೆ ಅನ್ನೋದಕ್ಕೆ ನಮ್ಮ ಗುರುಗಳು ಕೊಡುತ್ತಿದ್ದ ಬೈಗುಳದ ಗಣಿತ ಇದು. ದೇವಲರ ಸಿಟ್ಟೂ ಇದೇ. ನನ್ನ ಮಟ್ಟಿಗೆ ಅದು ನ್ಯಾಯವಾದ ಸಿಟ್ಟು.

1916ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆದಾಗ ಈ ಶ್ರುತಿ ಹಾರ್ಮೋನಿಯಂ ಚರ್ಚೆಗೆ ಬಂತು. ಸಮ್ಮೇಳನದ ಹಿಂದಿದ್ದ ಭಾತಖಂಡೆ ಅವರ ಒಲವು 12 ಸ್ವರಗಳ ವ್ಯಾವಹಾರಿಕ ಚೌಕಟ್ಟಿನ ಕಡೆಗಿತ್ತು. ಶ್ರುತಿ ಹಾರ್ಮೋನಿಯಂಗೆ ಅಲ್ಲಿ ಮನ್ನಣೆ ಸಿಗಲಿಲ್ಲ, ಆಮೇಲೆಯೂ ಅದು ಬಳಕೆಗೆ ಬರಲಿಲ್ಲ. ತಮಾಷೆ ಅಂದರೆ, ದೇವಲರು ಬೈದ ಮಾಮೂಲಿ ಹಾರ್ಮೋನಿಯಂ ಮಾತ್ರ ಉಳಿಯಿತು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿದರೂ ನಾಟಕ, ಭಜನೆ, ಕಛೇರಿ ಎಲ್ಲಾ ಕಡೆ ಹಬ್ಬಿತು.

3. ಹತ್ತು ಕಿಲೋಮೀಟರ್ ಆಚೆ

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ನನ್ನ ಪ್ರಬಂಧದ ಮೊದಲ ಕರಡಿನಲ್ಲಿತ್ತು. ಮೂವತ್ತು ಪುಟ. ಮಿರಜಿನ ವಾದ್ಯ ಕಟ್ಟುವವರ ಬಗ್ಗೆ ಅದರಲ್ಲಿ ಇದ್ದದ್ದು ಒಂದು ಪ್ಯಾರಾ. ಅದೂ 'ಹಿನ್ನೆಲೆ' ಅನ್ನೋ ತಲೆಬರಹದ ಕೆಳಗೆ. ಮೊದಲಿಗೆ ಹೇಳಿದೆನಲ್ಲ, ತಂತ್ರಾಂಶ ಮಾಡುವ ಕೆಲಸ, ಅದನ್ನೇ ನಾನು ಮಾಡಿದ್ದೆ.

ಸಾಂಗ್ಲಿಯಿಂದ ಮಿರಜಿಗೆ ಹೆಚ್ಚೂಕಡಿಮೆ ಹತ್ತು ಕಿಲೋಮೀಟರ್. ದೇವಲರ ಪುಸ್ತಕ ಬಂದ ಕಾಲಕ್ಕೆ ಅಲ್ಲಿ ಸಿತಾರ್, ತಂಬೂರಿ ಕಟ್ಟುವ ಕಸುಬಿಗೆ ಎರಡು ತಲೆಮಾರಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫರೀದ್ ಸಾಹೇಬರಿಂದ ಈ ಕಸುಬು ಶುರುವಾಯಿತು ಎಂದು ಅಲ್ಲಿನ ಮನೆತನಗಳು ಹೇಳುತ್ತವೆ. ಅವರು ಶಿಕಲಗಾರರು, ಅಂದರೆ ಕತ್ತಿ ಗುರಾಣಿಗಳನ್ನು ಸಾಣೆ ಹಿಡಿದು ಹದಗೊಳಿಸುವವರು. ಬ್ರಿಟಿಷರ ಆಳ್ವಿಕೆ ಬಲವಾದಂತೆ ಸಂಸ್ಥಾನಗಳಿಗೆ ಆಯುಧದ ಕೆಲಸ ಕಮ್ಮಿಯಾಯಿತು. ಮಿರಜಿನ ಪಟವರ್ಧನ ದೊರೆಗಳ ಆಶ್ರಯಕ್ಕೆ ಗಾಯಕರು ಬರುತ್ತಿದ್ದರು, ಅವರ ವಾದ್ಯಗಳ ರಿಪೇರಿಗೆ ಕೈಚಳಕ ಇದ್ದವರು ಬೇಕಿತ್ತು. ರಿಪೇರಿಯಿಂದ ಶುರುವಾದದ್ದು ಹೊಸದನ್ನು ಕಟ್ಟುವ ತನಕ ಬೆಳೆಯಿತು. ಕಸುಬು ಬದಲಾದಂತೆ ಅಡ್ಡಹೆಸರೂ ಬದಲಾಯಿತು. ಶಿಕಲಗಾರ್ ಹೋಗಿ ಸಿತಾರ್‌ಮೇಕರ್ ಬಂತು.

'ಕತ್ತಿಯಿಂದ ವೀಣೆಗೆ' ಅನ್ನೋ ಈ ಕಥೆ ಕೇಳೋದಕ್ಕೆ ಬಹಳ ಚೆಂದ. ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಚೆಂದದ ಕಥೆಯ ಅಪಾಯ ಅಂದರೆ ಅಲ್ಲಿಗೇ ಮುಗಿಸಿಬಿಡ್ತೀವಿ. ಆ ಕೈ ಏನು ಮಾಡುತ್ತದೆ ಅನ್ನೋದನ್ನು ನೋಡೋದಿಲ್ಲ. ಅದಕ್ಕೇ ಈಗ ರಚನೆಯ ಕಡೆ ಬರ್ತೀನಿ.

ತಂಬೂರಿಯ ಹೊಟ್ಟೆ ಒಂದು ಒಣಗಿದ ಬುರುಡೆ, ಮರಾಠಿಯಲ್ಲಿ ಭೋಪಳಾ. ತಿನ್ನುವ ಸೋರೆ ಅಲ್ಲ, ಕಹಿ ಜಾತಿ, ದಪ್ಪ ಸಿಪ್ಪೆ. ಪಂಢರಪುರದ ಸುತ್ತಮುತ್ತ ಬೆಳೆಯುತ್ತಾರೆ. ಬಳ್ಳಿಯಲ್ಲೇ ಬಲಿತು, ಆಮೇಲೆ ಪೂರ್ತಿ ಒಣಗಬೇಕು. ಬುರುಡೆಯನ್ನು ನೆನೆಸಿ, ಕೊಯ್ದು, ಒಳಗಿನದನ್ನು ಕೆರೆದು, ಬಾಯಿ ಸೊಟ್ಟಗಾಗದಂತೆ ಮರದ ಆನಿಕೆ ಕೊಟ್ಟು ಮತ್ತೆ ಒಣಗಿಸುತ್ತಾರೆ. ಅದರ ಮೇಲೆ ತೆಳುವಾದ ಮರದ ಮುಚ್ಚಳ, ತಬಲಿ, ತುಸು ಉಬ್ಬಿರುವಂತೆ ಕೂರುತ್ತದೆ. ಮೇಲಕ್ಕೆ ಒಳಗೆ ಟೊಳ್ಳಾದ ದಾಂಡಿ, ತುದಿಯಲ್ಲಿ ನಾಲ್ಕು ಬಿರಡೆ. ನಾಲ್ಕು ತಂತಿ: ಪಂಚಮ, ಎರಡು ಷಡ್ಜ, ಕೊನೆಗೆ ಖರ್ಜದ ಷಡ್ಜ. ಇದಕ್ಕೆ ಮೆಟ್ಟಿಲುಗಳಿಲ್ಲ. ಯಾವ ರಾಗವನ್ನೂ ಇದರಲ್ಲಿ ನುಡಿಸುವುದಿಲ್ಲ. ಬುರುಡೆಯ ಗಾತ್ರವೇ ವಾದ್ಯದ ಸ್ಥಾಯಿಯನ್ನು ನಿರ್ಧರಿಸುವುದರಿಂದ ಗಂಡು ದನಿಗೆ ದೊಡ್ಡದು, ಹೆಣ್ಣು ದನಿಗೆ ಚಿಕ್ಕದು. ಅಂದರೆ ಮಿರಜಿನ ಮಿಸ್ತ್ರಿಯ ಮೊದಲ ತೀರ್ಮಾನ ಹೊಲದಲ್ಲೇ, ಬುರುಡೆ ಆರಿಸುವಾಗಲೇ, ಆಗಿಹೋಗಿರುತ್ತದೆ. ಬುರುಡೆ ನಕ್ಷೆಯ ಪ್ರಕಾರ ಬೆಳೆಯೋದಿಲ್ಲವಲ್ಲ.

ಕೊನೆಯ ಕೆಲಸ ಜವಾರಿ. ತಂತಿಗಳು ಹಾಯುವ ಘೋಡಿ, ನಮ್ಮಲ್ಲಿ ಕುದುರೆ ಅಂತಲೂ ಅನ್ನುತ್ತಾರೆ, ಅದರ ಮೇಲ್ಮೈ ಅಗಲವಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ ಇರುತ್ತದೆ. ತಂತಿ ಕಂಪಿಸುವಾಗ ಆ ಇಳಿಜಾರನ್ನು ಸವರುತ್ತ ಹೋಗುತ್ತದೆ. ತಂತಿ ಮತ್ತು ಘೋಡಿಯ ನಡುವೆ ಒಂದು ನೂಲಿನ ಎಳೆ ಸೇರಿಸಿ, ಅತ್ತಿತ್ತ ಸರಿಸಿ, ನಾದ ಅರಳುವ ಜಾಗವನ್ನು ಹಿಡಿಯಬೇಕು. ಕರ್ನಾಟಕ ಸಂಗೀತದವರು ಆ ಎಳೆಯನ್ನು ಜೀವಾಳ ಅನ್ನುತ್ತಾರೆ. ಇಳಿಜಾರು ಸರಿಯಿಲ್ಲದಿದ್ದರೆ ನೂಲಿನಿಂದ ಏನೂ ಆಗೋದಿಲ್ಲ.

ನಮ್ಮ ಗುರುಗಳ ಹಳೆಯ ತಂಬೂರಿಯನ್ನು ಜವಾರಿ ಮಾಡಿಸೋದಕ್ಕೆ ನಾನು ಮಿರಜಿಗೆ ಹೋಗಿದ್ದೆ. ಅಂಗಡಿಯ ಹಿರಿಯರು ನನ್ನ ಮರಾಠಿ ಕೇಳಿ ಕನ್ನಡಕ್ಕೆ ಹೊರಳಿದರು. 'ಧಾರವಾಡ, ಹುಬ್ಬಳ್ಳಿ ಗಿರಾಕಿ ಬರ್ತಾರಲ್ಲ ತಂಗಿ, ಅವರಿಂದ ಕಲ್ತೇವಿ' ಅಂದರು. ಘೋಡಿಯ ಮೇಲೆ ಸಣ್ಣ ಅರ ಆಡಿಸುವುದು, ತಂತಿ ಕೂರಿಸಿ ಮೀಟುವುದು, ತಲೆ ಅಲ್ಲಾಡಿಸುವುದು, ಮತ್ತೆ ತೆಗೆದು ಅರ ಹಿಡಿಯುವುದು. ಹೀಗೇ ಅರ್ಧ ದಿನ. ನಾನು ಸಂಶೋಧನಾ ವಿದ್ಯಾರ್ಥಿ ನೋಡಿ, ಸುಮ್ಮನಿರಲಾರದೆ ಕೇಳಿದೆ, 'ಚಾಚಾ, ಎಷ್ಟು ಉಜ್ಜಬೇಕು ಅಂತ ಹೆಂಗ ಗೊತ್ತಾಗ್ತದ?' ಅವರು ನನಗೆ ಉತ್ತರ ಕೊಡುವ ಬದಲು ಇನ್ನೊಂದು ಪ್ರಶ್ನೆ ಕೇಳಿದರು: 'ನೀವು ಕುಂತು ಹಾಡೂದು ಯಾವ ಪಟ್ಟಿ? ಹಾಡ್ರಿ ಒಮ್ಮೆ.' ಹಾಡಿದೆ. ಆಮೇಲೆ ಮತ್ತೆ ಎರಡು ಸಲ ಅರ ಎಳೆದರು. 'ಈಗ ಗಾಂಧಾರ ಬಂತು ನೋಡ್ರಿ' ಅಂದರು. ಬಂದಿತ್ತು.

4. ಯಾರೂ ಕಟ್ಟದ ತಂತಿಯ ಗಾಂಧಾರ

ಇದೇ ನನ್ನ ವಾದದ ನಡುಗಂಬ. ನಾಲ್ಕು ತಂತಿಗಳಲ್ಲಿ ಯಾವುದನ್ನೂ ಗಾಂಧಾರಕ್ಕೆ ಹಚ್ಚಿಲ್ಲ. ಆದರೂ ಜವಾರಿ ಸರಿಯಾಗಿದ್ದರೆ ಗಾಂಧಾರ ಕೇಳುತ್ತದೆ. ಗಾಯಕರು ಅದನ್ನು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಅದು ಖರ್ಜದ ತಂತಿಯ ಐದನೆಯ ಉಪಸ್ವರ. ಮೂಲ ಕಂಪನದ ಐದರಷ್ಟು. ಅದನ್ನು ಎರಡು ಸಪ್ತಕ ಕೆಳಗಿಳಿಸಿ ಲೆಕ್ಕ ಹಾಕಿ: 5:4. ಸುಮಾರು 386 ಸೆಂಟ್. ಶ್ರುತಿ ಹಾರ್ಮೋನಿಯಂ ಬೇಕಾಗಿದ್ದದ್ದು ಯಾವ ಬಗೆಯ ಗಾಂಧಾರಕ್ಕೋ ಅದೇ ಗಾಂಧಾರ ಮಿರಜಿನ ತಂಬೂರಿಯಲ್ಲಿ ತಾನಾಗಿ ಮೊಳಗುತ್ತಿತ್ತು.

ಇದರ ಭೌತಶಾಸ್ತ್ರವನ್ನು ಗಂಭೀರವಾಗಿ ತೆಗೆದುಕೊಂಡವರು ಸಿ. ವಿ. ರಾಮನ್. 1921ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ಭಾರತದ ತಂತಿವಾದ್ಯಗಳ ಬಗ್ಗೆ ಅವರೊಂದು ಪುಟ್ಟ ಲೇಖನ ಪ್ರಕಟಿಸಿದರು. ಆಗಿನ ಒಪ್ಪಿತ ನಿಯಮದ ಪ್ರಕಾರ, ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು. ತಂಬೂರಿ, ವೀಣೆಗಳಲ್ಲಿ ಅವೂ ಜೋರಾಗಿ ಕೇಳುತ್ತವೆ ಎಂದು ರಾಮನ್ ತೋರಿಸಿದರು. ಕಾರಣ ಘೋಡಿಯ ಆ ಬಾಗಿದ ಮೇಲ್ಮೈ, ತಂಬೂರಿಯಲ್ಲಾದರೆ ಆ ನೂಲು. ಅಂದರೆ ಅರ ಹಿಡಿದ ಮಿಸ್ತ್ರಿ ಮಾಡುತ್ತಿದ್ದದ್ದು ಬರೀ ರಿಪೇರಿಯಲ್ಲ. ಪಠ್ಯಪುಸ್ತಕದ ನಿಯಮಕ್ಕೆ ಹೊರಗಿನ ಒಂದು ನಾದವನ್ನು ಆತ ಪ್ರತಿ ಸಲ ಹೊಸದಾಗಿ ಕಟ್ಟುತ್ತಿದ್ದ.

ಈಗ ಎರಡು ವಾದ್ಯಗಳನ್ನು ಅಕ್ಕಪಕ್ಕ ಇಡೋಣ. ಹಾರ್ಮೋನಿಯಂನ ಹಿತ್ತಾಳೆ ರೀಡನ್ನು ಶ್ರುತಿಗೆ ತರುವುದೂ ಅರದಿಂದಲೇ. ನಾಲಗೆಯ ತುದಿಯನ್ನು ಉಜ್ಜಿದರೆ ಸ್ವರ ಏರುತ್ತದೆ, ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಹತ್ಯಾರ ಒಂದೇ. ಅದು ಎಲ್ಲಿ ನಿಲ್ಲುತ್ತದೆ ಅನ್ನೋದು ಬೇರೆ. ರೀಡಿನ ಮೇಲೆ ಅರ ನಿಲ್ಲುವುದು ಮೊದಲೇ ಗೊತ್ತಿರುವ ಒಂದು ಅಂಕೆ ಬಂದಾಗ. ಘೋಡಿಯ ಮೇಲೆ ಅದು ನಿಲ್ಲುವುದು ಎದುರಿಗೆ ಕೂತು ಹಾಡುವವರ ದನಿಗೆ ನಾದ ಹೊಂದಿದಾಗ. ಮೊದಲನೆಯದು ಸ್ವರವನ್ನು ಒಂದು ಬಿಂದು ಅಂದುಕೊಳ್ಳುತ್ತದೆ. ಎರಡನೆಯದು ಸ್ವರವನ್ನು ಹುಡುಕಿಕೊಂಡು ಹೋಗಿ ಸೇರಬೇಕಾದ ಒಂದು ಹರವು ಅಂದುಕೊಳ್ಳುತ್ತದೆ. ಮೀಂಡ್, ಆಂದೋಲನಗಳಲ್ಲೇ ಬದುಕುವ ಸಂಗೀತಕ್ಕೆ ಎರಡನೆಯದೇ ಹೆಚ್ಚು ನಿಜ. ಕ್ಲಾವಿಕಾರ್ಡ್ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಅದರಲ್ಲೂ ಪಟ್ಟಿಯ ಜಾಗ ಮೊದಲೇ ನಿಗದಿ, ಆದರೆ ಬೆರಳಿಗೆ ಇನ್ನೂ ಒಂದಿಷ್ಟು ಮಾತು ಉಳಿದಿರುತ್ತದೆ.

ಇನ್ನೊಂದು ಸಣ್ಣ ಸಾಕ್ಷ್ಯ. ಅದೇ ತಂಬೂರಿಯಲ್ಲಿ ಏಳನೆಯ ಉಪಸ್ವರವೂ ಕೇಳುತ್ತದೆ, ಸುಮಾರು 969 ಸೆಂಟ್, ಕೋಮಲ ನಿಷಾದದ ಆಸುಪಾಸು. ಎರಡು, ಮೂರು, ಐದು ಎಂಬ ಸಂಖ್ಯೆಗಳ ಗುಣಾಕಾರದಿಂದ ಕಟ್ಟುವ 22 ಶ್ರುತಿಗಳ ಪಟ್ಟಿಯಲ್ಲಿ ಕೋಮಲ ನಿಷಾದಕ್ಕೆ ಬರುವ ಬೆಲೆಗಳು 996 ಮತ್ತು 1018. ಅಂದರೆ ಪಟ್ಟಿಯಲ್ಲಿ ಜಾಗವಿಲ್ಲದ ಸ್ವರವೊಂದು ಗಾಯಕನ ಬೆನ್ನ ಹಿಂದೆ ದಿನವೂ ನುಡಿಯುತ್ತಿದೆ.

ದೇವಲರ ವಾದ ನಿಂತಿರುವುದು ಗ್ರಂಥ, ಗಣಿತ, ಗಾಯಕನ ಕಂಠ ಈ ಮೂರರ ಮೇಲೆ. ನನ್ನ ತಕರಾರು ಇಷ್ಟೇ: ಆ ಕಂಠ ಶೂನ್ಯದಲ್ಲಿ ಹಾಡುವುದಿಲ್ಲ. ಹಿಂದೂಸ್ತಾನಿ ಗಾಯಕ ತಂಬೂರಿಯ ಮಡಿಲಲ್ಲಿ ಕೂತು ಹಾಡುತ್ತಾನೆ. ಅವನ ಗಾಂಧಾರ 386ರ ಹತ್ತಿರ ಸುಳಿದರೆ ಅದಕ್ಕೆ ಭರತನೊಬ್ಬನೇ ಕಾರಣ ಅನ್ನಲಾಗದು. ಬೆನ್ನ ಹಿಂದೆ ನುಡಿಯುವ ವಾದ್ಯ, ಅದನ್ನು ಹದ ಮಾಡಿದ ಕೈ, ಇವೂ ಕಾರಣ. ಅಬ್ದುಲ್ ಕರೀಂ ಖಾನರಿಗೆ ಇದು ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ. ತಂಬೂರಿ ರಿಪೇರಿಯಲ್ಲಿ ಅವರ ಕೈ ಪಳಗಿತ್ತು ಎಂಬುದು ಅವರ ಬಗೆಗಿನ ನೆನಪುಗಳಲ್ಲಿ ಬರುವ ಮಾತು. ಅಳೆಯುವವನಿಗೆ ಕಂಠ ಒಂದೇ ಸಾಕ್ಷಿಯಾಗಿ ಕಂಡಿತು. ಹಾಡುವವನಿಗೆ ಘೋಡಿಯೂ ಬೇಕಾಗಿತ್ತು.

5. ಬರಹ ಬಿಟ್ಟುಹೋದವರು, ಬಿಡದೇ ಹೋದವರು

ಹಾಗಾದರೆ ನನ್ನ ಕರಡಿನಲ್ಲಿ ದೇವಲರಿಗೆ ಮೂವತ್ತು ಪುಟ, ಮಿಸ್ತ್ರಿಗೆ ಒಂದು ಪ್ಯಾರಾ ಯಾಕೆ? ಯಾಕಂದರೆ ದೇವಲರು ಪುಸ್ತಕ ಬರೆದರು. ಕ್ಲೆಮೆಂಟ್ಸ್ ಬರೆದರು. ಬರೋಡಾ ಸಮ್ಮೇಳನದ ವರದಿ ಇದೆ. ನಾನು ಗ್ರಂಥಾಲಯದಲ್ಲಿ ಏನು ಸಿಗುತ್ತದೋ ಅದನ್ನೇ ಚರಿತ್ರೆ ಅಂದುಕೊಂಡೆ. ಬಳಕೆಗೆ ಬಾರದ ವಾದ್ಯದ ಬಗ್ಗೆ ದಾಖಲೆ ರಾಶಿ ಇದೆ. ನೂರೈವತ್ತು ವರ್ಷಕ್ಕೂ ಮಿಕ್ಕಿ ಬಳಕೆಯಲ್ಲಿರುವ ವಾದ್ಯವನ್ನು ಕಟ್ಟುವ ವಿದ್ಯೆ ಬಾಯಲ್ಲಿ, ಕೈಯಲ್ಲಿ ಇದೆ.

ನಮ್ಮ ಉತ್ತರ ಕರ್ನಾಟಕದಲ್ಲಿ ಜವಾರಿ ಅಂದರೆ ನಾಟಿ. ಜವಾರಿ ಕೋಳಿ, ಜವಾರಿ ಬದನೀಕಾಯಿ. ಘೋಡಿಯ ಜವಾರಿಯೇ ಬೇರೆ ಪದ, ಎರಡಕ್ಕೂ ನಂಟು ಕಟ್ಟುವ ಹಟ ನನಗಿಲ್ಲ. ಆದರೆ ನಾವು ದೇಸಿ, ನಾಟಿ ಅಂತ ಸೆಮಿನಾರುಗಳಲ್ಲಿ ಇಷ್ಟೊಂದು ಮಾತಾಡುತ್ತೇವೆ. ನಮ್ಮ ಗಾಯಕರ ಮನೆಗಳ ಮೂಲೆಯಲ್ಲಿ ಗವಸು ಹೊದ್ದು ನಿಂತ ತಂಬೂರಿ ಕಟ್ಟಿದವರ ಜ್ಞಾನವನ್ನು ಮಾತ್ರ ಜ್ಞಾನ ಅನ್ನದೆ ಕೌಶಲ ಅಂತಲೇ ಕರೆಯುತ್ತೇವೆ. ದೇವಲರದ್ದು ಸಂಶೋಧನೆ, ಚಾಚಾ ಮಾಡುವುದು ಕೈಕೆಲಸ. ಅದರಲ್ಲಿ ಜಾತಿಯ, ಧರ್ಮದ, ಇಂಗ್ಲಿಷ್ ಓದಿನ ಲೆಕ್ಕ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬೋದಿಲ್ಲ.

2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಸಂತೋಷ. ನಕಲಿಗೆ ಊರಿನ ಹೆಸರು ಹಚ್ಚುವುದನ್ನು ಅದು ತಡೆಯಬಹುದು. ಆದರೆ ಮಾನ್ಯತೆ ಊರಿಗೆ ಸಿಗುತ್ತದೆ. ಕಿವಿಯಲ್ಲಿರುವುದನ್ನು ಮುಂದಿನ ತಲೆಮಾರಿಗೆ ದಾಟಿಸುವ ಕೆಲಸ ಬೇರೆಯೇ.

6. ಚರ್ಚೆ

ಮೊದಲ ಪ್ರಶ್ನೆ ನಮ್ಮ ವಿಭಾಗದ ಹಿರಿಯ ಅಧ್ಯಾಪಕರದ್ದು: 'ಅಳತೆ ಅಂದರೆ ವಸಾಹತುಶಾಹಿ, ಕಿವಿ ಅಂದರೆ ದೇಸಿ ಅಂತ ಸರಳ ಗೆರೆ ಎಳೆದ ಹಾಗಾಗಲಿಲ್ಲವೇ? ನೀವೇ 386 ಅಂತ ಅಳತೆಯ ಭಾಷೆ ಬಳಸಿದಿರಿ.'

ಒಪ್ಪುತ್ತೇನೆ, ಸರ್. ಅಳತೆಯಿಲ್ಲದಿದ್ದರೆ ಸ್ವಯಂಭೂ ಗಾಂಧಾರದ ಮಹತ್ವ ನನಗೂ ತಿಳಿಯುತ್ತಿರಲಿಲ್ಲ. ರಾಮನ್ ಮಾಡಿದ್ದೂ ಅಳತೆಯೇ. ವ್ಯತ್ಯಾಸ ಇಷ್ಟು: ರಾಮನ್ ಇರುವ ವಾದ್ಯದ ಎದುರು ಕೂತು ಅದು ಏನು ಮಾಡುತ್ತಿದೆ ಎಂದು ಕೇಳಿದರು, ನಿಯಮಕ್ಕೆ ಹೊಂದದಿದ್ದಾಗ ನಿಯಮವನ್ನು ಪ್ರಶ್ನಿಸಿದರು. ಶ್ರುತಿ ಹಾರ್ಮೋನಿಯಂ ಅಳತೆಯನ್ನು ಮೊದಲು ನಿಲ್ಲಿಸಿ ಸಂಗೀತವನ್ನು ಅದಕ್ಕೆ ಹೊಂದಿಸಲು ನೋಡಿತು. ಕಿವಿಯೂ ತಪ್ಪು ಮಾಡುತ್ತದೆ, ಕೆಟ್ಟ ಜವಾರಿಯ ತಂಬೂರಿಗಳೂ ಬೇಕಾದಷ್ಟಿವೆ. ಕಸುಬುದಾರರನ್ನು ಪೂಜಿಸಿ ಅಂತ ನಾನು ಹೇಳುತ್ತಿಲ್ಲ. ಅವರ ತೀರ್ಮಾನಗಳನ್ನು ದೇವಲರ ತೀರ್ಮಾನಗಳಷ್ಟೇ ಕಟುವಾಗಿ ವಿಮರ್ಶೆಗೆ ಒಡ್ಡೋಣ ಅನ್ನುತ್ತಿದ್ದೇನೆ. ವಿಮರ್ಶೆಗೆ ಒಡ್ಡುವುದೂ ಒಂದು ಗೌರವ.

ಎರಡನೆಯ ಪ್ರಶ್ನೆ ಸಹಪಾಠಿಯೊಬ್ಬರದ್ದು: 'ಹಾಗಾದ್ರೆ ದೇವಲರು ಸೋತರು ಅಂತ ಬರೀತೀರಾ?'

ಇಲ್ಲ. ಮೊದಲ ಕರಡಿನಲ್ಲಿ ಹಾಗೆ ಬರೆದಿದ್ದೆ, ಹೊಡೆದುಹಾಕಿದೆ. ಒಬ್ಬ ಗಾಯಕನನ್ನು ಎದುರು ಕೂರಿಸಿಕೊಂಡು, ಒಂದೊಂದು ಸ್ವರಕ್ಕೂ ಕಿವಿಗೊಟ್ಟ ಆ ತಾಳ್ಮೆ ದೊಡ್ಡದು. ಅವರ ಪ್ರಶ್ನೆಯೂ ಸತ್ತಿಲ್ಲ. ನಮ್ಮ ಕಾಲದಲ್ಲೇ ಠಾಣೆಯ ಡಾ. ವಿದ್ಯಾಧರ ಓಕ್ 22 ಶ್ರುತಿಗಳ ಹಾರ್ಮೋನಿಯಂ ಮಾಡಿದ್ದಾರೆ. ಇವತ್ತು ನಮ್ಮ ಫೋನುಗಳಲ್ಲಿರುವ ತಂಬೂರಿಯಲ್ಲಿ ಸ್ವರವನ್ನು ಸೆಂಟುಗಳ ಲೆಕ್ಕದಲ್ಲಿ ಏರಿಸಿ ಇಳಿಸುವ ಗುಂಡಿ ಇದೆಯಲ್ಲ, ಅದು ದೇವಲರ ಕನಸಿನ ತುಣುಕೇ. ಮಿರಜಿನವರ ಹೊಟ್ಟೆಗೆ ಕುತ್ತು ತಂದಿರುವುದೂ ಅದೇ ಫೋನು. ನಾನೂ ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಅದನ್ನೇ ಹಾಕಿಕೊಂಡು ರಿಯಾಜ್ ಮಾಡುತ್ತೇನೆ. ಅದನ್ನು ಬಚ್ಚಿಟ್ಟು ಇಲ್ಲಿ ಮಾತಾಡಿದರೆ ಸುಳ್ಳಾಗುತ್ತದೆ.

ಕೊನೆಗೆ ಒಂದು ಕೋರಿಕೆ. ಜವಾರಿ ಕೆಲಸದ ಮಾತುಗಳ ಪಟ್ಟಿಯೊಂದನ್ನು ಮಾಡಲು ಶುರು ಮಾಡಿದ್ದೇನೆ. ನಾದ ಮುಚ್ಚಿದೆ, ತೆರೆದಿದೆ, ದುಂಡಗಿದೆ, ಗಾಂಧಾರ ಬಂತು, ಹೀಗೆ ಚಾಚಾ ಆಡಿದ ಒಂದೊಂದು ಮಾತಿಗೂ ಘೋಡಿಯ ಮೇಲೆ ಒಂದು ನಿರ್ದಿಷ್ಟ ಕೆಲಸವಿದೆ. ಅದು ಮರಾಠಿ, ಕನ್ನಡ, ದಖನಿ ಮೂರೂ ಬೆರೆತ ಒಂದು ವಿಮರ್ಶೆಯ ಪರಿಭಾಷೆ. ಗಡಿ ಭಾಗದಿಂದ ಬಂದ ಗೆಳೆಯರು ಯಾರಿದ್ದೀರೋ ದಯವಿಟ್ಟು ಜೊತೆಯಾಗಿ. ನನ್ನ ಪ್ರಬಂಧದಲ್ಲಿ ಆ ಪಟ್ಟಿ ಅನುಬಂಧವಾಗಿ ಬರುವುದಿಲ್ಲ, ಮೊದಲ ಅಧ್ಯಾಯವಾಗಿ ಬರುತ್ತದೆ.

ಗದ್ದಲ ಅಳಿಸುವ ವ್ಯವಸ್ಥೆಯನ್ನು ಈಗ ಬಂದ್ ಮಾಡಿದ್ದೇನೆ. ಇಯರ್‌ಫೋನ್ ಇದ್ದವರು ಹಾಕಿಕೊಳ್ಳಿ. ನನ್ನ ಹಿಂದೆ ಫ್ಯಾನಿನ ಸದ್ದೂ ಬರುತ್ತದೆ, ಸಹಿಸಿಕೊಳ್ಳಿ. ಮೀಟುತ್ತೇನೆ. ಗಾಂಧಾರ ಕೇಳಿಸಿದವರು ಕೈ ಎತ್ತಿ.